ತಮ್ಮನ ಮಗಳಿಗೆ ರಕ್ತದ ಕ್ಯಾನ್ಸರ್: ತೋಟ ಮಾರುವ ಮೊದಲು ನಿಮ್ಮ ಸಲಹೆ, ಸಹಾಯ ಬೇಕು

ತೆಂಗಿನ ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲೂಕು. ನನ್ನ ತಮ್ಮನ ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಸ್ವಲ್ಪ ದಿನದಿಂದ ಜ್ವರ ಬರುವುದು, ಬಿಡುವುದು ಆಗುತ್ತಿತ್ತು. ರಾತ್ರಿ ಕಾಲು ನೋವು ಅಂತ ಅಳುತ್ತಿದ್ದಳು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಆಟ ಆಡುವಾಗ ಬಿದ್ದಿರಬೇಕು ಅಂತ ಮನೆಯಲ್ಲಿ ಅಂದುಕೊಂಡಿದ್ದರು. ತಿಪಟೂರಿನ ಡಾಕ್ಟರು ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದವರೇ ಇವತ್ತೇ ಬೆಂಗಳೂರಿಗೆ ಹೊರಡಿ ಅಂದರು. ಅಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಹತ್ತಿರ ಸೂಜಿ ಹಾಕಿ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ಮಾಡಿದರು. ಎ.ಎಲ್.ಎಲ್. ಅನ್ನುವ ರಕ್ತದ ಕ್ಯಾನ್ಸರ್ ಅಂತೆ.

ಪೂರ್ತಿ ಚಿಕಿತ್ಸೆಗೆ 14 ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ. ಮೊದಲು 3 ಲಕ್ಷ ಕಟ್ಟಿ ಅಂದಿದ್ದಾರೆ. ತಮ್ಮನಿಗೆ ಎರಡೂವರೆ ಎಕರೆ ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ. ಪರೀಕ್ಷೆಗಳಿಗೇ ಕೊಬ್ಬರಿ ಮಾರಿದ ದುಡ್ಡು ಮುಗಿದಿದೆ. ನಾದಿನಿಯ, ಅಂದರೆ ತಮ್ಮನ ಹೆಂಡತಿಯ ಒಡವೆ ಅಡ ಇಟ್ಟಾಗಿದೆ. ಊರಿನಲ್ಲಿ ಒಬ್ಬರ ಹತ್ತಿರ ಕೈಸಾಲವೂ ಆಗಿದೆ, ಅದರ ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಈಗ ತೋಟ ಮಾರುವ ಮಾತು ಬಂದಿದೆ. ಕೊಳ್ಳುವವರೂ ಬಂದು ನೋಡಿಕೊಂಡು ಹೋಗಿದ್ದಾರೆ, ಅವಸರ ಅಂತ ಗೊತ್ತಾಗಿ ರೇಟು ಇಳಿಸಿದ್ದಾರೆ.

ತಮ್ಮ ಯಾರ ಹತ್ತಿರವೂ ಕೇಳುವವನಲ್ಲ. ಅವನಿಗೆ ಹೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಬಿಪಿಎಲ್ ಕಾರ್ಡ್ ಇದೆ, ಆದರೆ ಮಗುವಿನ ಹೆಸರು ಅದರಲ್ಲಿ ಸೇರಿಸಿಲ್ಲ. ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ತಿಳಿದವರು ಹೇಳಿ. ಸಹಾಯ ಮಾಡುವವರಿದ್ದರೆ ಅದನ್ನೂ ಕೈ ಮುಗಿದು ಕೇಳುತ್ತೇನೆ.

ವಾರ್ಡ್ ಅಕ್ಕ

ಅಣ್ಣ, ಮೊದಲು ಧೈರ್ಯ ತಗೊಳ್ಳಿ. ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿ ತುಂಬಾ ವರ್ಷ ಕೆಲಸ ಮಾಡಿದವಳು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎ.ಎಲ್.ಎಲ್. ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು. ಚೆನ್ನಾಗಿ ವಾಸಿಯಾಗುವಂಥದ್ದೂ ಹೌದು. ಸರಿಯಾದ ಕಡೆ ಪೂರ್ತಿ ಚಿಕಿತ್ಸೆ ಮುಗಿಸಿದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ನಾನು ನೋಡಿಕೊಂಡ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಎರಡನೆಯದು, ತೋಟ ಮಾರಬೇಡಿ. ಇವತ್ತು ಅಂತೂ ಬೇಡವೇ ಬೇಡ.

ಮಗುವನ್ನು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದು ಸರ್ಕಾರಿ ಸಂಸ್ಥೆ, ಮಕ್ಕಳಿಗೆ ಬೇರೆ ವಿಭಾಗವೇ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಯೋಜನೆಯಲ್ಲಿ ನಿಗದಿಯಾದ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ನಿಮಗೆ ಬಿಪಿಎಲ್ ಇರುವುದು ದೊಡ್ಡ ಆಸರೆ.

ಇಲ್ಲೊಂದು ವಿಷಯ ಚೆನ್ನಾಗಿ ಕೇಳಿಸಿಕೊಳ್ಳಿ. ಈ ಯೋಜನೆಯಲ್ಲಿ ಆಸ್ಪತ್ರೆಗೇ ನೇರವಾಗಿ ಹಣ ಹೋಗುತ್ತದೆ. ನೀವು ಕೈಯಿಂದ ಕಟ್ಟಿಬಿಟ್ಟು, ಆಮೇಲೆ ಬಿಲ್ಲು ಹಿಡಿದುಕೊಂಡು ಹೋದರೆ ವಾಪಸ್ ಬರುವುದಿಲ್ಲ. ಆದ್ದರಿಂದ ಸೇರಿಸುವ ದಿನವೇ ಕಾರ್ಡ್ ತೋರಿಸಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಡಾಕ್ಟರಷ್ಟೇ ಮುಖ್ಯ ಅವರು. ಬಾಗಿಲ ಹತ್ತಿರವೇ ಅವರೆಲ್ಲಿ ಅಂತ ಕೇಳಿ. ತುಮಕೂರು ಜಿಲ್ಲಾಸ್ಪತ್ರೆಯಿಂದ ಒಂದು ರೆಫರಲ್ ಚೀಟಿ ಬರೆಸಿಕೊಂಡರೆ ಎಲ್ಲಿ ಹೋದರೂ ಅನುಕೂಲ.

ಮಗುವಿನ ಹೆಸರು ಸೇರಿಸುವ ಕೆಲಸ ಇವತ್ತೇ ಶುರುವಾಗಲಿ. ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್ ತಗೊಂಡು ಗ್ರಾಮ ಒನ್‌ಗೆ ಹೋಗಿ. ಅರ್ಜಿ ಹಾಕಿ ಸುಮ್ನೆ ಕೂರಬೇಡಿ. ಡಾಕ್ಟರ ಚೀಟಿಯ ಜೆರಾಕ್ಸ್ ಹಿಡಿದುಕೊಂಡು ತಾಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ಮಗುವಿನ ಜೀವದ ವಿಷಯ ಅಂತ ಹೇಳಿ ಬೇಗ ಮಾಡಿಸಿಕೊಳ್ಳಿ. ಏನೇ ಅನುಮಾನ ಬಂದರೂ 104ಕ್ಕೆ ಫೋನ್ ಮಾಡಬಹುದು.

ಈಗಿರುವ ಆಸ್ಪತ್ರೆಯಿಂದ ಹೊರಡುವಾಗ ಬೋನ್ ಮ್ಯಾರೋ ರಿಪೋರ್ಟ್, ಸ್ಲೈಡ್, ಕೊಟ್ಟ ಔಷಧಿಯ ವಿವರ ಎಲ್ಲವನ್ನೂ ಕೇಳಿ ಪಡೆಯಿರಿ. ದಾಖಲೆ ಪಡೆಯುವುದು ರೋಗಿಯ ಹಕ್ಕು. ಇಲ್ಲದಿದ್ದರೆ ಅದೇ ಪರೀಕ್ಷೆ ಮತ್ತೆ, ಅದೇ ಸೂಜಿ ಮತ್ತೆ. ಪಾಪ ಮಗು.

ಗುಬ್ಬಿ ಡ್ರೈವರ್

ಅಣ್ಣ, ನಂದು ಸ್ವಂತ ಕಾರು. ಬೆಂಗಳೂರಿಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವ ದಿನ ನಾನು ಬರುತ್ತೇನೆ. ಡೀಸೆಲ್ ದುಡ್ಡೂ ಬೇಡ. ಮೆಸೇಜ್ ಹಾಕಿದ್ದೇನೆ ನೋಡಿ.

ಕೇಳಿ ತಿಳಿಯುವವ

ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಎಲ್ಲರ ಪರವಾಗಿ ಒಂದು ಮಾತು ಕೇಳಲೇಬೇಕು. ಹಣ ಕಳಿಸುವವರಿಗೆ ಇದು ನಿಜವಾದ ಕೇಸು ಅಂತ ಗೊತ್ತಾಗುವುದು ಹೇಗೆ? ಬೇರೆ ಮಗುವಿನ ಫೋಟೋ ಹಾಕಿ ದುಡ್ಡು ಎತ್ತುವವರೂ ಇದ್ದಾರೆ. ಅಂಥವರಿಂದಾಗಿ ನಿಜವಾಗಿ ಕಷ್ಟದಲ್ಲಿರುವವರಿಗೆ ಪೆಟ್ಟು ಬೀಳುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ತೆಂಗಿನ ಸೀಮೆ

ಬೇಜಾರೇನೂ ಇಲ್ಲ ಸರ್, ನೀವು ಕೇಳಿದ್ದು ನ್ಯಾಯವೇ. ಮಗುವಿನ ಫೋಟೋ, ಹೆಸರು ಮಾತ್ರ ಇಲ್ಲಿ ಹಾಕುವುದಿಲ್ಲ. ನಾಳೆ ಅವಳು ಗುಣವಾಗಿ ಸ್ಕೂಲಿಗೆ ಹೋಗಬೇಕು, ದೊಡ್ಡವಳಾಗಬೇಕು. ಎಲ್ಲರ ಫೋನಿನಲ್ಲೂ ಅವಳ ಕೂದಲಿಲ್ಲದ ಮುಖ ಓಡಾಡುವುದು ಅವಳ ಅಮ್ಮನಿಗೆ ಇಷ್ಟವಿಲ್ಲ. ನನಗೂ ಇಲ್ಲ. ತಿಪಟೂರು ಕಡೆಯವರು ಯಾರಾದರೂ ಇಬ್ಬರು ಮನೆಗೆ ಬನ್ನಿ. ರಿಪೋರ್ಟು, ಎಸ್ಟಿಮೇಟು, ಕಾರ್ಡು ಎಲ್ಲ ತೋರಿಸುತ್ತೇನೆ. ನೋಡಿದವರೇ ಇಲ್ಲಿ ಬರೆಯಲಿ.

ಹಳೆ ಮೇಷ್ಟ್ರು

ನಾನು ಅದೇ ತಾಲೂಕಿನವನು. ನಾಳೆ ಬೆಳಿಗ್ಗೆ ನಾನೂ ನಮ್ಮ ಪಕ್ಕದ ಮನೆಯ ಫಾರ್ಮಸಿಸ್ಟೂ ಹೋಗಿ ನೋಡಿಕೊಂಡು ಬರುತ್ತೇವೆ.

ನಿಮ್ಮ ತಮ್ಮನಿಗೆ ನನ್ನದೊಂದು ಮಾತು ಹೇಳಿ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಅವನು ಮುಯ್ಯಿ ಹಾಕದೆ ಬಂದಿರುವುದಿಲ್ಲ. ಮನೆ ಕಟ್ಟುವವರಿಗೆ, ಕಳೆ ತೆಗೆಯುವವರಿಗೆ ಮುಯ್ಯಾಳಾಗಿ ಹೋಗಿಯೇ ಇರುತ್ತಾನೆ. ಅದು ತಿರುಗಿ ಬರುವ ಹೊತ್ತು ಇದು, ಅಷ್ಟೇ. ಇದನ್ನು ಭಿಕ್ಷೆ ಅಂದುಕೊಂಡು ಕುಗ್ಗಬೇಕಾಗಿಲ್ಲ. ಕೇಳದೆ ಇದ್ದು ಮಗುವಿನ ಚಿಕಿತ್ಸೆ ಅರ್ಧಕ್ಕೆ ನಿಂತರೆ, ಅದು ನಮ್ಮೆಲ್ಲರಿಗೂ ನೋವು.

ಶಿರಸಿಯ ತಾಯಿ

ಅಣ್ಣ, ನಿಮ್ಮ ಬರಹ ಓದಿ ಮಲಗಲು ಆಗಲಿಲ್ಲ. ನನ್ನ ಮಗನಿಗೂ ಇದೇ ಕಾಯಿಲೆ ಬಂದಿತ್ತು. ಈಗ ಔಷಧಿ ಎಲ್ಲ ನಿಂತಿದೆ, ಚೆನ್ನಾಗಿದ್ದಾನೆ. ಆಗ ನನಗೆ ಯಾರೂ ಹೇಳದೆ ಇದ್ದದ್ದನ್ನು ನಿಮ್ಮ ನಾದಿನಿಗಾದರೂ ಹೇಳುತ್ತೇನೆ.

ಈ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಹಂತ ಸುಮಾರು ಒಂದು ತಿಂಗಳು, ಅದೇ ಬಹಳ ಕಷ್ಟದ್ದು. ಸ್ಟಿರಾಯ್ಡ್ ಕೊಡುವುದರಿಂದ ಮಗುವಿಗೆ ವಿಪರೀತ ಹಸಿವು, ಮುಖ ಊದಿಕೊಳ್ಳುತ್ತದೆ, ಸಿಟ್ಟು ಬರುತ್ತದೆ. ಮಗು ಬದಲಾಗಿಬಿಟ್ಟಿತು ಅಂತ ಹೆದರಬೇಡಿ, ಅದು ಔಷಧಿಯಿಂದ ಆಗುವುದು. ಬೆನ್ನಿಗೂ ಇಂಜೆಕ್ಷನ್ ಕೊಡುತ್ತಾರೆ, ಕಾಯಿಲೆ ಮಿದುಳಿನ ಕಡೆ ಹೋಗದಿರಲಿ ಅಂತ. ಆ ತಿಂಗಳು ಮುಗಿದ ಮೇಲೆ ಪರೀಕ್ಷೆ ಮಾಡಿದಾಗ ಹೆಚ್ಚಿನ ಮಕ್ಕಳಲ್ಲಿ ಕ್ಯಾನ್ಸರ್ ಕಣ ಕಾಣುವುದಿಲ್ಲ. ಮಗು ಎದ್ದು ಓಡಾಡುತ್ತದೆ.

ಆಗಲೇ ಅಪಾಯ ಶುರುವಾಗುವುದು. ಮಗು ಚೆನ್ನಾಗಿದೆ, ದುಡ್ಡು ಮುಗಿದಿದೆ, ಹೊಲದ ಕೆಲಸ ಬಾಕಿ ಇದೆ. ಇನ್ನು ಸಾಕು ಅಂತ ಎಷ್ಟೋ ಜನ ಊರಿಗೆ ಹೋಗಿಬಿಡುತ್ತಾರೆ. ನನ್ನ ಮಗನ ಪಕ್ಕದ ಮಂಚದಲ್ಲಿದ್ದ ಮಗುವಿನ ಮನೆಯವರು ಹಾಗೇ ಹೋದರು. ಕಾಯಿಲೆ ಮತ್ತೆ ಬಂತು. ಎರಡನೇ ಸಲ ಬಂದದ್ದನ್ನು ವಾಸಿ ಮಾಡುವುದು ತುಂಬಾ ಕಷ್ಟ. ಆ ಮಗು ಉಳಿಯಲಿಲ್ಲ. ಇದನ್ನು ನಿಮ್ಮ ಧೈರ್ಯ ಕೆಡಿಸಲು ಬರೆಯುತ್ತಿಲ್ಲ. ಕೊನೆಯ ಹಂತದಲ್ಲಿ ದಿನಾ ಒಂದು ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು, ಹೀಗೆ ತಿಂಗಳುಗಟ್ಟಲೆ ಇರುತ್ತದೆ. ನೋಡಲು ಸಣ್ಣ ಮಾತ್ರೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ.

ಇನ್ನು ಖರ್ಚಿನ ವಿಷಯ. ನಮ್ಮನ್ನು ಹಣ್ಣು ಮಾಡಿದ್ದು ಔಷಧಿಯ ಬಿಲ್ಲಲ್ಲ, ಅದರಲ್ಲಿ ಹೆಚ್ಚಿನದು ಕಾರ್ಡಿನಲ್ಲೇ ಆಯಿತು. ಕಾರ್ಡಿಗೆ ಬಾರದ ಖರ್ಚೇ ಬೇರೆ ಇದೆ. ರೂಮಿನ ಬಾಡಿಗೆ, ಊಟ, ಆಟೋ, ಹೊರಗಿನ ಲ್ಯಾಬಿನ ಒಂದೊಂದು ಪರೀಕ್ಷೆ, ಮನೆಯಲ್ಲಿ ಉಳಿದ ಇನ್ನೊಂದು ಮಗುವಿನ ಫೀಸು. ಎಲ್ಲಕ್ಕಿಂತ ದೊಡ್ಡದು ನನ್ನ ಯಜಮಾನರ ಕೆಲಸ ಹೋದದ್ದು. ಇದಕ್ಕೆ ಯಾವ ಯೋಜನೆಯೂ ಇಲ್ಲ. ಜನರ ದುಡ್ಡು ಬೇಕಾಗುವುದು ಇಲ್ಲಿಗೆ. ಒಂದೇ ಸಲ ದೊಡ್ಡ ಮೊತ್ತ ಬಂದು ನಿಂತುಹೋಗುವುದಕ್ಕಿಂತ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬಂದರೆ ಆ ಮನೆ ಉಳಿಯುತ್ತದೆ.

ಕಿದ್ವಾಯಿ ಆವರಣದಲ್ಲೇ ಇನ್ಫೋಸಿಸ್ ಪ್ರತಿಷ್ಠಾನದವರು ಕಟ್ಟಿಸಿದ ಧರ್ಮಶಾಲೆ ಇದೆ. ಜಾಗ ಇದೆಯಾ ಅಂತ ಮೊದಲ ದಿನವೇ ಕೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಭಾಗ. ಆಸ್ಪತ್ರೆಯಲ್ಲಿ ಅದಕ್ಕೊಂದು ಫಾರಂ ತುಂಬಿ ಸಹಿ ಹಾಕಿಕೊಡುತ್ತಾರೆ. ನಿಮಗೆ ತಿಪಟೂರಿನಿಂದಲೇ ರೈಲು ಇದೆಯಲ್ಲ. ಅಮ್ಮ ಮಗಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಶಕ್ತಿ ಯೋಜನೆಯಲ್ಲಿ ಉಚಿತ. ಆದರೆ ರಕ್ತದ ಕೌಂಟ್ ಕಡಿಮೆ ಇದ್ದಾಗ ತುಂಬಿದ ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಡಿ, ಸೋಂಕು ತಗಲುತ್ತದೆ.

ಊರಿನವರಿಗೆ ಇನ್ನೊಂದು ಕೋರಿಕೆ. ನೋಡಿಕೊಂಡು ಬರೋಣ ಅಂತ ಗುಂಪಾಗಿ ಹಣ್ಣು ಹಿಡಿದುಕೊಂಡು ಹೊರಡಬೇಡಿ. ಆ ಮಗುವಿಗೆ ನಿಮ್ಮ ನೆಗಡಿಯೂ ಅಪಾಯ. ಬಸ್ಸಿನ ಚಾರ್ಜು, ಹಣ್ಣಿನ ದುಡ್ಡು ಸೇರಿಸಿ ಕಳಿಸಿಬಿಡಿ, ಫೋನಿನಲ್ಲಿ ಮಾತಾಡಿ. ಕೀಮೋ ನಡೆಯುವಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ, ಜ್ವರ ಕಂಡ ಕೂಡಲೇ ಆಸ್ಪತ್ರೆಗೆ ಹೊರಡಿ.

ಮಲೆನಾಡ ಗೆಳೆಯ

ನಮ್ಮ ಕಡೆ ಒಬ್ಬರು ಗಿಡಮೂಲಿಕೆ ಔಷಧಿ ಕೊಡುತ್ತಾರೆ. ಕ್ಯಾನ್ಸರ್ ವಾಸಿಯಾದವರು ಇದ್ದಾರೆ ಅಂತ ಕೇಳಿದ್ದೇನೆ. ಖರ್ಚೂ ಕಡಿಮೆ. ಒಮ್ಮೆ ನೋಡಬಹುದಲ್ವಾ?

ವಾರ್ಡ್ ಅಕ್ಕ

ತಮ್ಮಾ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಬೇಡ. ಈ ಕಾಯಿಲೆ ವಾರಗಳಲ್ಲಿ ಹೆಚ್ಚುತ್ತದೆ. ಅದನ್ನು ನೋಡೋಣ, ಇದನ್ನು ನೋಡೋಣ ಅಂತ ಒಂದು ತಿಂಗಳು ಹೋದರೆ ಮಗು ಕೈಯಲ್ಲಿ ಉಳಿಯುವುದಿಲ್ಲ. ಕೀಮೋ ಜೊತೆಗೆ ಕೊಡುವುದೂ ಬೇಡ. ಲಿವರ್‌ಗೆ ಪೆಟ್ಟಾದರೆ ಕೀಮೋವನ್ನೇ ನಿಲ್ಲಿಸಬೇಕಾಗುತ್ತದೆ. ಏನೇ ಕೊಡುವುದಿದ್ದರೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಲೆಕ್ಕ ಬರೆಯುವವನು

ಅಕೌಂಟೆಂಟ್ ಆಗಿ ನಾಲ್ಕು ಮಾತು. ದಾನಿಗಳ ಹಣ ಆದಷ್ಟೂ ಆಸ್ಪತ್ರೆಯ ಖಾತೆಗೇ ನೇರವಾಗಿ ಹೋಗಲಿ, ರೋಗಿಯ ನೋಂದಣಿ ಸಂಖ್ಯೆ ಹಾಕಿ. ಕೊಡುವವರಿಗೂ ನಂಬಿಕೆ, ನಿಮಗೂ ನಿರಾಳ. ಊಟ, ಬಾಡಿಗೆಗೆ ಬೇಕಾದ ಹಣಕ್ಕೆ ಮಗುವಿನ ಅಮ್ಮನ ಹೆಸರಿನಲ್ಲಿ ಬೇರೆಯದೇ ಒಂದು ಉಳಿತಾಯ ಖಾತೆ ಇರಲಿ. ಮನೆಯ ಬೇರೆ ಯಾವ ವ್ಯವಹಾರವೂ ಅದರಲ್ಲಿ ಬೇಡ.

ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಹಣ ಒಟ್ಟು 50,000 ದಾಟಿದರೆ ಅದು ಪೂರ್ತಿ ಆದಾಯದ ಲೆಕ್ಕಕ್ಕೆ ಬರುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿ, ಅಪ್ಪ ಅಮ್ಮ, ಅವರ ಒಡಹುಟ್ಟಿದವರು ಕೊಟ್ಟದ್ದು ಇದಕ್ಕೆ ಸೇರುವುದಿಲ್ಲ. ಕೃಷಿ ಕುಟುಂಬವಾದ್ದರಿಂದ ತೆರಿಗೆ ಕಟ್ಟುವ ಮಿತಿಗೆ ನೀವು ಬರದೇ ಇರಬಹುದು. ಆದರೂ ಯಾರು, ಎಷ್ಟು, ಯಾವಾಗ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಸ್ಪತ್ರೆಗೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಕಟ್ಟಬೇಡಿ, ಅಷ್ಟು ನಗದು ತಗೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಮಿಲಾಪ್, ಕೆಟ್ಟೋ ತರಹದ ಆನ್‌ಲೈನ್ ದೇಣಿಗೆ ತಾಣಗಳಲ್ಲಿ ಹಾಕುವುದಾದರೆ ಶುಲ್ಕ ಎಷ್ಟು ಹಿಡಿಯುತ್ತಾರೆ, ಹಣ ಯಾರ ಖಾತೆಗೆ ಹೋಗುತ್ತದೆ ಅಂತ ಮೊದಲೇ ಓದಿ. ನನ್ನ ಅಭಿಪ್ರಾಯ ಕೇಳಿದರೆ, ಈ ಮಗುವಿನ ಚಿಕಿತ್ಸೆ ಕಾರ್ಡಿನಲ್ಲಿ ಆಗುವ ಹಾಗಿದ್ದರೆ ಅದರ ಅಗತ್ಯವೇ ಬರಲಾರದು.

ಡಬ್ಲಿನ್ ಕನ್ನಡಿಗ

ನಾನು ಐರ್ಲೆಂಡಿನಲ್ಲಿದ್ದೇನೆ. ಮೂಲ ಅರಸೀಕೆರೆ. ನಮ್ಮ ಕನ್ನಡ ಬಳಗದಲ್ಲಿ ಹಂಚಿಕೊಂಡರೆ ಕೊಡುವವರಿದ್ದಾರೆ. ವಿದೇಶದಿಂದ ಕಳಿಸಿದರೆ ಆ ಕುಟುಂಬಕ್ಕೆ ತೊಂದರೆ ಆಗುತ್ತದಾ?

ಲೆಕ್ಕ ಬರೆಯುವವನು

ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ವಿದೇಶಿ ದೇಣಿಗೆ ಕಾನೂನು ಅಡ್ಡ ಬರುವುದಿಲ್ಲ. ಅಲ್ಲಿನ ಪೌರತ್ವ ತಗೊಂಡವರ ಹಣ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಅಂತಲೇ ಎಣಿಕೆ. ಬಳಗದ ಖಾತೆಯಲ್ಲಿ ಒಟ್ಟುಗೂಡಿಸಿ ಒಂದೇ ಸಲ ಕಳಿಸಬೇಡಿ. ಭಾರತೀಯ ಪಾಸ್‌ಪೋರ್ಟಿನವರು ಒಬ್ಬೊಬ್ಬರೇ ಕಳಿಸಲಿ.

ಡಬ್ಲಿನ್ ಕನ್ನಡಿಗ

ಸರಿ ಸರ್. ನಾವು ಐದಾರು ಮನೆಯವರು ತಿಂಗಳಿಗೆ ಇಷ್ಟು ಅಂತ ಚಿಕಿತ್ಸೆ ಮುಗಿಯುವವರೆಗೂ ಹಾಕುತ್ತೇವೆ. ಶಿರಸಿಯ ಅಕ್ಕ ಹೇಳಿದ್ದು ಮನಸ್ಸಿಗೆ ತಟ್ಟಿತು.

ಸೊಸೈಟಿ ಕಾರ್ಯದರ್ಶಿ

ಎಲ್ಲರೂ ಆಸ್ಪತ್ರೆಯ ಬಗ್ಗೆ ಬರೆದಿದ್ದೀರಿ. ನನಗೆ ಕಾಡುತ್ತಿರುವುದು ಆ ನೂರಕ್ಕೆ ಐದು ಬಡ್ಡಿ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60. ಮಗು ಗುಣವಾಗಿ ಮನೆಗೆ ಬರುವಷ್ಟರಲ್ಲಿ ಈ ಸಾಲವೇ ತೋಟ ನುಂಗುತ್ತದೆ. ನಮ್ಮ ರಾಜ್ಯದಲ್ಲಿ ವಿಪರೀತ ಬಡ್ಡಿ ತಡೆಯಲು 2004ರ ಕಾನೂನು ಇದೆ. ಆಧಾರ ಇಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಆಧಾರವಿಲ್ಲದ ಸಾಲಕ್ಕೆ 16, ಅದಕ್ಕಿಂತ ಮೇಲೆ ಹಾಕುವ ಹಾಗಿಲ್ಲ. ಸಾಲ ವಸೂಲಿಗೆ ಮನೆ ಮುಂದೆ ಬಂದು ಕಿರುಕುಳ ಕೊಡುವುದನ್ನು ತಡೆಯಲು 2025ರಲ್ಲಿ ಇನ್ನೊಂದು ಕಾನೂನೂ ಬಂದಿದೆ.

ಜಗಳಕ್ಕೆ ಹೋಗಿ ಅನ್ನುವುದಿಲ್ಲ. ಊರಿನವರೇ ಆದ್ದರಿಂದ ಇಬ್ಬರು ಹಿರಿಯರನ್ನು ಕೂರಿಸಿ ಮಾತಾಡಿ. ಅಸಲು ಕೊಡುತ್ತೇವೆ, ನ್ಯಾಯವಾದ ಬಡ್ಡಿ ಕೊಡುತ್ತೇವೆ ಅನ್ನಿ. ಒಡವೆ ಎಲ್ಲಿ ಅಡ ಇದೆ ನೋಡಿ. ಖಾಸಗಿಯವರ ಹತ್ತಿರ ಇದ್ದರೆ ಬಿಡಿಸಿ ಬ್ಯಾಂಕಿಗೋ ಸೊಸೈಟಿಗೋ ಬದಲಾಯಿಸಿ, ಬಡ್ಡಿ ಎಷ್ಟೋ ಇಳಿಯುತ್ತದೆ. ಬೆಳೆ ಸಾಲ ಇದ್ದರೆ ಕಂತು ತಪ್ಪುವ ಮೊದಲೇ ಮ್ಯಾನೇಜರನ್ನು ಕಂಡು ವಿಷಯ ತಿಳಿಸಿ.

ಓದುತ್ತಿರುವ ಬೇರೆ ರೈತರಿಗೆ: ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಶುರುವಾದಾಗ ತಪ್ಪದೆ ಮಾಡಿಸಿ. ನೋಂದಣಿ ಅವಧಿ ಮುಗಿದ ಮೇಲೆ, ಕಾಯಿಲೆ ಬಂತು ಅಂತ ಅದಕ್ಕೆ ಸೇರಲು ಆಗುವುದಿಲ್ಲ.

ರಕ್ತದಾನಿ ದಾವಣಗೆರೆ

ಈ ಮಗುವಿಗೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು ಬೇಕೇ ಬೇಕಾಗುತ್ತವೆ. ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲು ಆಗುವುದಿಲ್ಲ. ಅದಕ್ಕೇ ಒಂದೇ ದಿನ 20 ಜನ ಬಂದು ಕೊಟ್ಟರೆ ಪ್ರಯೋಜನವಿಲ್ಲ, ಸರದಿಯ ಮೇಲೆ ಬರಬೇಕು. ಬೆಂಗಳೂರಿನಲ್ಲಿರುವ ತಿಪಟೂರು, ಅರಸೀಕೆರೆ ಕಡೆಯ ಹುಡುಗರ ಪಟ್ಟಿ ಮಾಡಿ. 18 ವರ್ಷ ದಾಟಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಅಪ್ಪ ಅಮ್ಮ, ಒಡಹುಟ್ಟಿದವರು ಕೊಡುವ ಮೊದಲು ಡಾಕ್ಟರನ್ನು ಕೇಳಿ. ಮುಂದೆ ಬೋನ್ ಮ್ಯಾರೋ ಕಸಿ ಬೇಕಾಗಿ ಬಂದರೆ ಅವರೇ ದಾನಿಗಳಾಗಬೇಕಾಗಬಹುದು. ಹಾಗಾಗಿ ಈಗ ಅವರ ರಕ್ತ ಬಳಸದೆ ಇರುವುದು ಒಳ್ಳೆಯದು. ಈ ಕೆಲಸಕ್ಕೆ ಹೊರಗಿನವರೇ ಬೇಕು.

ಹಳೆ ಮೇಷ್ಟ್ರು

ಹೋಗಿ ಬಂದೆವು. ರಿಪೋರ್ಟು, ಎಸ್ಟಿಮೇಟು, ಕಾರ್ಡು ಎಲ್ಲ ಸರಿಯಾಗಿದೆ. ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ನೋಟ್‌ಬುಕ್ಕಿನ ಲೆಕ್ಕ ನಾನು ಬರೆಯುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದೇನೆ. ತೋಟ ನೋಡಲು ಬಂದವರಿಗೆ ಸದ್ಯಕ್ಕೆ ಮಾರುವುದಿಲ್ಲ ಅಂತ ಹೇಳಿ ಕಳಿಸಿದ್ದೂ ಆಯಿತು.

ಕೇಳಿ ತಿಳಿಯುವವ

ಧನ್ಯವಾದ ಮೇಷ್ಟ್ರೇ. ನನ್ನ ಕಡೆಯಿಂದ ಪ್ರತಿ ತಿಂಗಳು 1,000. ಆಫೀಸಿನಲ್ಲೂ ಕೇಳುತ್ತೇನೆ.

ತೆಂಗಿನ ಸೀಮೆ

ಎಲ್ಲರಿಗೂ ಈಗಿನ ಸ್ಥಿತಿ ತಿಳಿಸುತ್ತೇನೆ. ಗುಬ್ಬಿಯ ತಮ್ಮ ಕಾರು ತಂದು ಮಗುವನ್ನು ಕಿದ್ವಾಯಿಗೆ ಕರೆದುಕೊಂಡು ಹೋದ. ಹಳೆಯ ರಿಪೋರ್ಟುಗಳನ್ನು ಅವರು ನೋಡಿ ತಗೊಂಡರು, ಬೋನ್ ಮ್ಯಾರೋ ಪರೀಕ್ಷೆ ಮತ್ತೆ ಮಾಡಬೇಕಾಗಲಿಲ್ಲ. ಆಹಾರ ಶಾಖೆಯಲ್ಲಿ ಮಗುವಿನ ಹೆಸರು ಸೇರಿತು. ಆರೋಗ್ಯಮಿತ್ರರು ಕಾರ್ಡ್ ತಗೊಂಡು ಅನುಮತಿಗೆ ಹಾಕಿದರು. ಕೀಮೋ ಶುರುವಾಗಿದೆ. ಮೊನ್ನೆ ತುಂಬಾ ವಾಂತಿ ಆಯಿತು, ಇವತ್ತು ಮೊಸರನ್ನ ತಿನ್ನಲೇ ಅಂತ ಕೇಳಿದಳಂತೆ. ಡಾಕ್ಟರನ್ನು ಕೇಳಿ ಕೊಡುತ್ತೇವೆ ಅಂದಿದ್ದಾರೆ.

ಶಾಸಕರ ಪತ್ರ ಇಟ್ಟು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಕೊಟ್ಟಿದ್ದೇವೆ, ಖಾಸಗಿ ಆಸ್ಪತ್ರೆಯಲ್ಲಿ ಕಟ್ಟಿದ ಬಿಲ್ಲುಗಳ ಜೊತೆ. ಬಂದರೆ ಆ ಕೈಸಾಲಕ್ಕೆ ಕಟ್ಟುತ್ತೇವೆ. ಸಾಲ ಕೊಟ್ಟವರು ಹಿರಿಯರ ಮುಂದೆ ಬಡ್ಡಿ ಇಳಿಸಲು ಒಪ್ಪಿದ್ದಾರೆ. ಒಡವೆಯನ್ನು ಸೊಸೈಟಿಗೆ ಬದಲಾಯಿಸುವ ಕೆಲಸ ಈ ವಾರ ಆಗುತ್ತದೆ.

ಈಗ ಆಸ್ಪತ್ರೆಗೆ ಅಂತ ಯಾರೂ ಹಣ ಕಳಿಸಬೇಡಿ. ತಮ್ಮ ಮತ್ತು ನಾದಿನಿ ಬೆಂಗಳೂರಿನಲ್ಲಿ ಇರುವ ತನಕ ಊಟ, ಓಡಾಟ, ಹೊರಗಿನ ಪರೀಕ್ಷೆಗೆ ತಿಂಗಳಿಗೆ ಸುಮಾರು 15,000 ಬೇಕು. ಇಲ್ಲಿಯವರೆಗೆ ಮಾತು ಕೊಟ್ಟವರದ್ದು ಸೇರಿಸಿದರೆ 11,000 ಆಗುತ್ತದೆ. ಉಳಿದ ನಾಲ್ಕು ಸಾವಿರಕ್ಕೆ ಯಾರಾದರೂ ಇದ್ದರೆ ಮೇಷ್ಟ್ರಿಗೆ ತಿಳಿಸಿ. ತೋಟದ ನೀರು, ಕಾಯಿ ಕೀಳಿಸುವುದು ನಾನು ನೋಡಿಕೊಳ್ಳುತ್ತೇನೆ.

ಹಣಕ್ಕಿಂತ ಅವಸರವಾಗಿ ಬೇಕಾಗಿರುವುದು ಪ್ಲೇಟ್‌ಲೆಟ್ ಕೊಡುವವರು. ಮಗುವಿನದು ಒ ಪಾಸಿಟಿವ್. ಬುಧವಾರಕ್ಕೆ ಇಬ್ಬರು ಸಿಕ್ಕಿದ್ದಾರೆ. ಶನಿವಾರಕ್ಕೆ, ಮುಂದಿನ ಮಂಗಳವಾರಕ್ಕೆ ಒಬ್ಬೊಬ್ಬರು ಬೇಕು. ಬೆಂಗಳೂರಿನಲ್ಲಿ ಇರುವವರು ದಯವಿಟ್ಟು ಮೆಸೇಜ್ ಮಾಡಿ.

ಪೀಣ್ಯದ ಹುಡುಗ

ಅಣ್ಣ, ನಂದು ಒ ಪಾಸಿಟಿವ್. ಶನಿವಾರ ನೈಟ್ ಶಿಫ್ಟ್ ಮುಗಿಸಿ, ಸ್ವಲ್ಪ ನಿದ್ದೆ ಮಾಡಿ ಹತ್ತು ಗಂಟೆ ಮೇಲೆ ಬರುತ್ತೇನೆ. ರೂಮ್‌ಮೇಟ್ ಮಂಗಳವಾರಕ್ಕೆ ಒಪ್ಪಿದ್ದಾನೆ, ಅವನ ಗ್ರೂಪ್ ನಾಳೆ ಟೆಸ್ಟ್ ಮಾಡಿಸಿ ಹೇಳುತ್ತೇನೆ.